ವಾಯೇಜರ್ ಹತ್ತಿರ ಬರುತ್ತಿದೆಯಾ? ನೆಟ್‌ನಲ್ಲಿ ವಿಜ್ಞಾನ ಹುಡುಕುವ ನನ್ನ ದಾರಿ

ಮಾರ್ಚ್ ತಿಂಗಳ ಒಂದು ಸಂಜೆ ಅಣ್ಣನ ಮಗಳು ಫೋನ್ ಹಿಡಿದುಕೊಂಡು ಓಡಿ ಬಂದಳು. "ಅತ್ತೆ, ವಾಯೇಜರ್ ವಾಪಸ್ ಬರ್ತಾ ಇದೆ!" ವಾಯೇಜರ್ 1 ಈಗ ಎಷ್ಟು ದೂರದಲ್ಲಿದೆ ಎಂದು ತೋರಿಸುವ ನಾಸಾದ ಪುಟ ಅದು. ಅಂಕಿಗಳು ಬಿಡದೆ ಓಡುತ್ತಿರುತ್ತವೆ. 1977ರಲ್ಲಿ ಹೊರಟ ನೌಕೆ, ದೂರ ಏರುತ್ತಲೇ ಹೋಗಬೇಕು, ಅಲ್ವಾ? ಆದರೆ ಭೂಮಿಯಿಂದ ಇರುವ ದೂರ ಇಳಿಯುತ್ತಿತ್ತು.

ನಾನು ಲೆಕ್ಕಪತ್ರ ಬರೆಯುವ ಕೆಲಸದವಳು. ಹತ್ತನೇ ತರಗತಿ ಮುಗಿದ ಮೇಲೆ ವಿಜ್ಞಾನದ ಪುಸ್ತಕ ಮುಟ್ಟಿರಲಿಲ್ಲ. ಆದರೆ ಏರಬೇಕಾದ ಅಂಕಿ ಇಳಿದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಇಬ್ಬರೂ ಕೂತು ಹುಡುಕಿದೆವು. ವಾಯೇಜರ್ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸೂರ್ಯನಿಂದ ದೂರ ಹೋಗುತ್ತಿದೆ. ಭೂಮಿ ಸೂರ್ಯನನ್ನು ಸುತ್ತುವ ವೇಗ ಅದಕ್ಕಿಂತ ಜಾಸ್ತಿ, ಸುಮಾರು 30 ಕಿ.ಮೀ. ಹಾಗಾಗಿ ವರ್ಷದಲ್ಲಿ ಕೆಲವು ತಿಂಗಳು ನಮ್ಮ ಭೂಮಿಯೇ ಅದರ ಬೆನ್ನು ಹತ್ತಿ ಓಡುತ್ತದೆ. ಅದೇ ಪುಟದಲ್ಲಿ ಸೂರ್ಯನಿಂದ ಇರುವ ದೂರವೂ ಇತ್ತು. ಅದು ಮಾತ್ರ ಏರುತ್ತಲೇ ಇತ್ತು. ಭೂಮಿ ಓಡುತ್ತಿದೆ ಎಂದು ಓದಿದ್ದೆ, ಅದನ್ನು ಕಣ್ಣಿಂದ ನೋಡಿದ್ದು ಅವತ್ತೇ.

ಅಲ್ಲಿಂದ ಮುಂದೆ ನಾನು ಹುಡುಕುವ ರೀತಿಯೇ ಬದಲಾಯಿತು. "ನಿಮಗೆ ಗೊತ್ತಿಲ್ಲದ ಹತ್ತು ಅದ್ಭುತಗಳು" ಎನ್ನುವ ವಿಡಿಯೊಗಳನ್ನು ನೋಡುವುದು ಬಿಟ್ಟೆ. ನೋಡಿದ ಅರ್ಧ ಗಂಟೆಗೆ ಒಂದೂ ನೆನಪಿರುತ್ತಿರಲಿಲ್ಲ. ಅದರ ಬದಲು ಏನಾದರೂ ಈಗ ನಡೆಯುತ್ತಿರುವ ಜಾಗಗಳನ್ನು ಹುಡುಕಿ. ನನ್ನ ಮೊದಲ ಸಲಹೆ ಇದೇ.

ವಾಯೇಜರ್ ಪುಟದ ಜೊತೆಗೆ ನಾಸಾದ "ಡಿಎಸ್ಎನ್ ನೌ" ತೆರೆದು ನೋಡಿ. ಅಮೆರಿಕದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್ಬೆರಾ, ಈ ಮೂರು ಕಡೆ ಇರುವ ದೊಡ್ಡ ಆಂಟೆನಾಗಳು ಈ ಕ್ಷಣ ಯಾವ ನೌಕೆಯ ಜೊತೆ ಮಾತಾಡುತ್ತಿವೆ ಎಂದು ಅದು ತೋರಿಸುತ್ತದೆ. ಮೂರೇ ಕಡೆ ಯಾಕೆ? ಭೂಮಿ ತಿರುಗುತ್ತಾ ಒಂದರ ಕಣ್ಣಿಂದ ನೌಕೆ ಮರೆಯಾಗುವ ಮೊದಲೇ ಇನ್ನೊಂದಕ್ಕೆ ಅದು ಕಾಣಬೇಕು, ಅದಕ್ಕೆ. ಸಮುದ್ರ ಇಷ್ಟವಿದ್ದರೆ "ನಾಟಿಲಸ್ ಲೈವ್" ನೋಡಿ. ಹಡಗು ಸಂಶೋಧನೆಗೆ ಹೊರಟಾಗ ಆಳ ಸಮುದ್ರದ ರೋಬಾಟ್ ಕ್ಯಾಮೆರಾ ಕಂಡದ್ದು ನೇರವಾಗಿ ಬರುತ್ತದೆ. ವಿಚಿತ್ರ ಪ್ರಾಣಿಯೊಂದು ಕಂಡರೆ ವಿಜ್ಞಾನಿಗಳು ಮಕ್ಕಳ ಹಾಗೆ ಕೂಗುವುದು ಕೇಳಿಸುತ್ತದೆ. ಆ ಕೂಗಿಗಾಗಿಯೇ ನಾನು ಕಾಯುತ್ತೇನೆ.

ಎರಡನೆಯದು, ಹುಡುಕುವ ಪೆಟ್ಟಿಗೆಯಲ್ಲಿ ವಿಷಯದ ಹೆಸರು ಹಾಕಬೇಡಿ, ನಿಮ್ಮ ಪ್ರಶ್ನೆಯನ್ನೇ ಹಾಕಿ. "ಬಾಹ್ಯಾಕಾಶ" ಎಂದರೆ ಕಸದ ರಾಶಿ ಬರುತ್ತದೆ. "ವಾಯೇಜರ್ ದೂರ ಯಾಕೆ ಕಡಿಮೆಯಾಗುತ್ತಿದೆ" ಎಂದರೆ ಉತ್ತರ ಸಿಗುತ್ತದೆ. ಕನ್ನಡದಲ್ಲಿ ಹುಡುಕಿ, ಸಿಗದಿದ್ದರೆ ಅದನ್ನೇ ಇಂಗ್ಲಿಷಿನಲ್ಲಿ ಹುಡುಕಿ. ವ್ಯಾಕರಣ ತಪ್ಪಿದರೂ ಪರವಾಗಿಲ್ಲ. ಬಂದ ಪುಟವನ್ನು ಬ್ರೌಸರ್ ಕನ್ನಡಕ್ಕೆ ತಿರುಗಿಸಿಕೊಡುತ್ತದೆ. ಆ ಅನುವಾದ ಒರಟು, ಆದರೆ ದಾರಿ ತೋರಿಸಲು ಸಾಕು.

ದಿನಕ್ಕೆ ಒಂದೇ ಸಾಕು ಎನ್ನುವವರಿಗೆ "ಆಸ್ಟ್ರಾನಮಿ ಪಿಕ್ಚರ್ ಆಫ್ ದಿ ಡೇ". 1995ರ ಜೂನ್ 16ರಿಂದ ನಡೆಯುತ್ತಿದೆ. ದಿನಕ್ಕೊಂದು ಆಕಾಶದ ಚಿತ್ರ, ಕೆಳಗೆ ಖಗೋಳ ವಿಜ್ಞಾನಿ ಬರೆದ ನಾಲ್ಕೈದು ಸಾಲು. ಹಳೆಯದೆಲ್ಲ ಹಾಗೇ ಇದೆ. ನಿಮ್ಮ ಮನೆಯ ಮಕ್ಕಳು ಹುಟ್ಟಿದ ದಿನ ಯಾವ ಚಿತ್ರ ಬಂದಿತ್ತು ಎಂದು ತೆರೆದು ತೋರಿಸಿ. ನಮ್ಮ ಹುಡುಗಿ ಅವಳ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದಾಳೆ.

ನಗು ಬೇಕಾದರೆ ಇಗ್ನೊಬೆಲ್ ಬಹುಮಾನಗಳ ಪಟ್ಟಿ ಓದಿ. 1991ರಲ್ಲಿ ಶುರುವಾದದ್ದು. ಮೊದಲು ನಗು ಬರಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಈ ಬಹುಮಾನ. ಭೌತವಿಜ್ಞಾನಿ ಆಂದ್ರೆ ಗೈಮ್ ಬಲವಾದ ಅಯಸ್ಕಾಂತದಿಂದ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದಕ್ಕೆ 2000ದಲ್ಲಿ ಇದನ್ನು ಹಂಚಿಕೊಂಡರು. 2010ರಲ್ಲಿ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಕೆಲಸಕ್ಕೆ ಅವರಿಗೇ ನಿಜವಾದ ನೊಬೆಲ್ ಬಂತು. ಕಪ್ಪೆಯ ವಿಡಿಯೊ ಈಗಲೂ ಸಿಗುತ್ತದೆ. ಕಪ್ಪೆಯ ಮೈಯಲ್ಲಿರುವ ನೀರನ್ನು ಅಯಸ್ಕಾಂತ ಸ್ವಲ್ಪವೇ ದೂರ ತಳ್ಳುತ್ತದೆ, ತೇಲುವುದು ಅದರಿಂದಲೇ. ಪಟ್ಟಿಯಲ್ಲಿ ಒಂದು ಹೆಸರು ಆರಿಸಿಕೊಂಡು ಅದರ ಹಿಂದೆ ಹೋದರೆ ಒಂದು ಭಾನುವಾರ ಕಳೆಯುತ್ತದೆ.

ನೋಡುವುದಷ್ಟೇ ಅಲ್ಲ, ಕೈ ಹಾಕುವುದೂ ಇದೆ. ಕೊಲರಾಡೊ ವಿಶ್ವವಿದ್ಯಾಲಯದ "ಫೆಟ್" ಪುಟದಲ್ಲಿ ತಂತಿ, ಬಲ್ಬ್, ಲೋಲಕಗಳನ್ನು ಪರದೆಯ ಮೇಲೇ ಜೋಡಿಸಿ ಆಡಿಸಬಹುದು. ಅದು ಉಚಿತ. ನನಗೆ ಅದಕ್ಕಿಂತ ಇಷ್ಟ "ಝೂನಿವರ್ಸ್". ವಿಜ್ಞಾನಿಗಳ ಬಳಿ ಲಕ್ಷಗಟ್ಟಲೆ ಚಿತ್ರಗಳಿವೆ, ನೋಡಲು ಕಣ್ಣುಗಳಿಲ್ಲ. ಆ ಕೆಲಸಕ್ಕೆ ನಮ್ಮಂಥವರನ್ನು ಕರೆಯುತ್ತಾರೆ. ಇದರ ಮೂಲ 2007ರಲ್ಲಿ ಶುರುವಾದ "ಗ್ಯಾಲಕ್ಸಿ ಝೂ". ಅದೇ ವರ್ಷ ಹನ್ನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ ಗ್ಯಾಲಕ್ಸಿಗಳ, ಅಂದರೆ ನಕ್ಷತ್ರಗಳ ದೊಡ್ಡ ಗುಂಪುಗಳ, ಚಿತ್ರಗಳನ್ನು ವಿಂಗಡಿಸುತ್ತಿದ್ದಾಗ ಒಂದರ ಪಕ್ಕ ಕಲೆಯಂಥದ್ದು ಕಂಡಿತು. "ಇದೇನು?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಅದು ಹೊಳೆಯುತ್ತಿರುವ ಅನಿಲದ ದೊಡ್ಡ ಮೋಡ ಎಂದು ಆಮೇಲೆ ತಿಳಿಯಿತು. ಹಬಲ್ ದೂರದರ್ಶಕವನ್ನೂ ಅದರ ಕಡೆ ತಿರುಗಿಸಿದರು. ಇವತ್ತು ಅದಕ್ಕೆ ಆಕೆಯದೇ ಹೆಸರು. ಈ ಕಥೆ ಹೇಳುವಾಗ ನನಗೆ ಈಗಲೂ ರೋಮಾಂಚನವಾಗುತ್ತದೆ.

ಇನ್ನು ಸುಳ್ಳಿನ ವಿಷಯ. ಇದಕ್ಕೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಸುಳ್ಳು ಹಿಡಿಯುವುದೂ ಒಂದು ಮೋಜು. "ಆಗಸ್ಟ್ 27ರ ರಾತ್ರಿ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ" ಎಂಬ ಸಂದೇಶ ನಿಮಗೂ ಬಂದಿರಬಹುದು. ನಾವಿಬ್ಬರೂ ಪೆನ್ನು ಹಿಡಿದು ಕೂತೆವು. ಮಂಗಳದ ವ್ಯಾಸ ಚಂದ್ರನ ಸುಮಾರು ಎರಡರಷ್ಟು. ಅಂದರೆ ಅಷ್ಟೇ ದೊಡ್ಡದಾಗಿ ಕಾಣಲು ಚಂದ್ರನಿಗಿಂತ ಎರಡರಷ್ಟು ದೂರಕ್ಕೆ ಬರಬೇಕು, ಸುಮಾರು 7.5 ಲಕ್ಷ ಕಿ.ಮೀ. 2003ರ ಆಗಸ್ಟ್ 27ರಂದು ಅದು ತೀರ ಹತ್ತಿರ ಬಂದಾಗಲೂ ದೂರ ಸುಮಾರು 5.6 ಕೋಟಿ ಕಿ.ಮೀ. ಭಾಗಿಸಿದರೆ ಸುಮಾರು 75 ಪಟ್ಟು. ಆಮೇಲೆ ಸಂದೇಶದ ಮೂಲ ಹುಡುಕಿದೆವು. 75 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ನೋಡಿದರೆ ಹಾಗೆ ಕಾಣುತ್ತದೆ ಎಂದು ಅದರಲ್ಲಿತ್ತು! ಹಂಚುತ್ತಾ ಹಂಚುತ್ತಾ ಆ ಮಾತು ಉದುರಿಹೋಗಿತ್ತು, ವರ್ಷವೂ ಉದುರಿತ್ತು. ನಮ್ಮ ಭಾಗಾಕಾರಕ್ಕೆ ಅದೇ 75 ಬಂದಿದ್ದಕ್ಕೆ ಹುಡುಗಿ ಕುಣಿದಳು.

ಹಾಗಾಗಿ ಏನೇ ಬಂದರೂ ಮೊದಲು ಮೂಲ ಮತ್ತು ವರ್ಷ ನೋಡಿ. ಚಿತ್ರವಾದರೆ ಚಿತ್ರದಿಂದಲೇ ಹುಡುಕುವ ಸೌಲಭ್ಯ ಬಳಸಿ, ಮೊದಲು ಎಲ್ಲಿ ಬಂದಿತ್ತು ಎಂದು ಬಹಳ ಸಲ ಗೊತ್ತಾಗುತ್ತದೆ. ಔಷಧಿಯ ಸುದ್ದಿಯಾದರೆ ಪ್ರಯೋಗ ಮನುಷ್ಯರ ಮೇಲೆ ಮಾಡಿದ್ದೋ ಇಲಿಗಳ ಮೇಲೋ ನೋಡಿ.

ವಿಡಿಯೊ ಆ್ಯಪ್‌ಗಳ ಬಗ್ಗೆ ಒಂದೇ ಮಾತು: ವಿಜ್ಞಾನಕ್ಕೆಂದೇ ಬೇರೆ ಖಾತೆ ತೆರೆಯಿರಿ. ಕೊನೆತನಕ ನೋಡಿದ್ದನ್ನೇ ಅದು ಮತ್ತೆ ಮತ್ತೆ ತರುತ್ತದೆ.

ನಾನು ಒಂದು ಉದ್ದ ಪುಸ್ತಕ ಇಟ್ಟಿದ್ದೇನೆ. ತಾರೀಖು, ಪ್ರಶ್ನೆ, ಎಲ್ಲಿ ಸಿಕ್ಕಿತು, ಇನ್ನೇನು ಉಳಿದಿದೆ ಎಂದು ನಾಲ್ಕು ಕಾಲಂ. ಕೊನೆಯ ಕಾಲಂ ಯಾವತ್ತೂ ಖಾಲಿ ಇರುವುದಿಲ್ಲ. ಅದರಲ್ಲಿ ತುಂಬ ದಿನದಿಂದ ಇರುವ ಸಾಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಿಚ್ ಪ್ರಯೋಗದ್ದು. ಪಿಚ್ ಅಂದರೆ ಸುತ್ತಿಗೆಯಿಂದ ಹೊಡೆದರೆ ಚೂರಾಗುವ ಡಾಂಬರಿನಂಥ ವಸ್ತು. ಆದರೂ ಅದು ದ್ರವದಂತೆ ಹರಿಯುತ್ತದೆ. 1927ರಲ್ಲಿ ಅದನ್ನು ಲಾಳಿಕೆಗೆ ತುಂಬಿದರು. 2014ರ ತನಕ ಬಿದ್ದದ್ದು ಒಂಬತ್ತು ಹನಿ. 2000ದಲ್ಲಿ ಎಂಟನೆಯದು ಬಿದ್ದಾಗ ಕ್ಯಾಮೆರಾ ಕೈಕೊಟ್ಟಿತ್ತು. ಈಗ ನೇರ ಪ್ರಸಾರವಿದೆ. ಹುಡುಗಿ ಶಾಲೆಯಿಂದ ಬಂದವಳೇ ಚೀಲ ಇಳಿಸುವ ಮೊದಲು ಕೇಳುತ್ತಾಳೆ, "ಅತ್ತೆ, ಬಿತ್ತಾ?"