ಸ್ಟೀರಾಯ್ಡ್ ಮಾತ್ರೆ ಬಿಡೋದು ಹೇಗೆ, ದಿಢೀರ್ ಅಂತ ಯಾಕೆ ಬಿಡಬಾರ್ದು

ಆಸ್ತಮಾಗೋ ಕೀಲುವಾತಕ್ಕೋ ಡಾಕ್ಟ್ರು ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಬರ್ಕೊಟ್ಟಿರ್ತಾರೆ, ಮುಖ ಊದ್ಕೊಳ್ತು ಶುಗರ್ ಏರ್ತು ಅಂತ ಹೆದರ್ಕೊಂಡು ಅರ್ಧಕ್ಕೇ ಬಿಟ್ಬಿಡೋರು ಜಾಸ್ತಿ. ನಾಲ್ಕೈದು ದಿನದ ಕೋರ್ಸ್ ಆದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ. ಮೂರ್ನಾಲ್ಕು ವಾರ ದಾಟಿದ್ರೆ ಮಾತ್ರ ಹಂಗೆ ಮಾಡ್ಲೇಬೇಡಿ.

ಯಾಕೆ ಅಂದ್ರೆ, ಜ್ವರ, ಆಪರೇಷನ್, ಆಕ್ಸಿಡೆಂಟ್ ಏನೇ ಆದ್ರೂ ಮೆದುಳಿನ ಹೈಪೊಥಲಾಮಸ್ಸು ಅನ್ನೋ ಭಾಗ ಅದ್ರ ಕೆಳಗಿರೋ ಪಿಟ್ಯುಟರಿ ಗ್ರಂಥಿನ ಎಬ್ಬಿಸುತ್ತೆ, ಪಿಟ್ಯುಟರಿ ಎಸಿಟಿಎಚ್ ಅನ್ನೋ ಹಾರ್ಮೋನ್ ಬಿಡುತ್ತೆ, ಅದು ರಕ್ತದಲ್ಲಿ ಹೋಗಿ ಕಿಡ್ನಿ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸೋಲ್ ಅನ್ನೋ, ದೇಹ ತಾನೇ ಮಾಡ್ಕೊಳ್ಳೋ ಸ್ಟೀರಾಯ್ಡ್ ಹಾರ್ಮೋನ್ ಹೊರಡ್ಸುತ್ತೆ. ಬರೀ ಕಾರ್ಟಿಸೋಲ್ ಇದ್ರೆ ಸಾಲಲ್ಲ, ಜೀವಕೋಶದ ಒಳಗಿರೋ ಗ್ಲೂಕೊಕಾರ್ಟಿಕಾಯ್ಡ್ ರಿಸೆಪ್ಟರ್ ಅನ್ನೋ ಪ್ರೋಟೀನ್ ಅದನ್ನ ಹಿಡ್ಕೋಬೇಕು, ಆಮೇಲೆ ಎರಡೂ ಸೇರಿ ನ್ಯೂಕ್ಲಿಯಸ್ ಒಳಗೆ ಹೋಗಿ ಕೆಲವು ಜೀನ್ ಆನ್ ಮಾಡ್ತವೆ, ಕೆಲವನ್ನ ಸುಮ್ನಿರಿಸ್ತವೆ. ಬಿಪಿ ಬೀಳದೆ ನಿಲ್ಲೋದು, ಶುಗರ್ ಸಿಗೋದು, ಉರಿಯೂತ ಹದ್ದುಬಸ್ತಲ್ಲಿರೋದು ಇದ್ರಿಂದಾನೇ. ಇದೇ ರಿಸೆಪ್ಟರ್ ಹೈಪೊಥಲಾಮಸ್ಸು, ಪಿಟ್ಯುಟರಿಲೂ ಇದೆ, ಅಲ್ಲಿ ಅದ್ರ ಕೆಲಸ ಸಾಕು ನಿಲ್ಸು ಅನ್ನೋದು, ಟ್ಯಾಂಕ್ ತುಂಬಿದ್ರೆ ಮೋಟರ್ ತಾನೇ ಆಫ್ ಆಗೋ ಥರ.

ಪ್ರೆಡ್ನಿಸೊಲೋನ್ ಹೋಗಿ ಕೂರೋದೂ ಇದೇ ರಿಸೆಪ್ಟರ್ ಮೇಲೆ, ಕಾರ್ಟಿಸೋಲ್‌ಗಿಂತ ಸುಮಾರು 4 ಪಟ್ಟು ಜೋರು. ಮಾತ್ರೆಯಿಂದ ಬಂತೋ ಗ್ರಂಥಿಯಿಂದ ಬಂತೋ ಮೆದುಳಿಗೆ ಗೊತ್ತಾಗಲ್ಲ, ಎಸಿಟಿಎಚ್ ನಿಲ್ಸುತ್ತೆ, ಕೆಲಸ ಇಲ್ಲದ ಅಡ್ರಿನಲ್ ಸೊರಗಿ ಹೋಗುತ್ತೆ. ಆಗ ಮಾತ್ರೆನೂ ಬಿಟ್ರೆ ರಿಸೆಪ್ಟರ್ ಖಾಲಿ, ಬಿಪಿ, ಶುಗರ್ ನಿಲ್ಸೋರೇ ಇರಲ್ಲ.

ಹಾಗಾಗಿ ಡಾಕ್ಟ್ರ ಹತ್ರ ಇಳಿಸೋ ಲೆಕ್ಕ ಬರೆಸ್ಕೊಳ್ಳಿ. ದೊಡ್ಡ ಡೋಸ್ ಇದ್ದಾಗ ಬೇಗ ಇಳಿಸ್ತಾರೆ, ದಿನಕ್ಕೆ 5 ಮಿಲಿಗ್ರಾಂ ಹತ್ರ ಬಂದ್ಮೇಲೆ ನಿಧಾನ, ಯಾಕಂದ್ರೆ ದೇಹ ತಾನೇ ದಿನಕ್ಕೆ ಮಾಡ್ಕೊಳ್ಳೋ ಕಾರ್ಟಿಸೋಲ್‌ನ ಜೋರು ಹೆಚ್ಚುಕಮ್ಮಿ ಅಷ್ಟೇ, ಅಲ್ಲಿಂದ ಕೆಳಗೆ ಗ್ರಂಥಿ ಏಳ್ಲೇಬೇಕು. ಮಾತ್ರೆ ಬೆಳಿಗ್ಗೆ ತಿಂಡಿ ಆದ್ಮೇಲೆ ತಗೊಳ್ಳಿ. ಕೊನೆ ಹಂತದಲ್ಲಿ ಬೆಳಿಗ್ಗೆ 8ರ ಹೊತ್ತಿಗೆ ಕಾರ್ಟಿಸೋಲ್ ಟೆಸ್ಟ್ ಮಾಡಿಸ್ತಾರೆ, ಅವತ್ತಿನ ಮಾತ್ರೆ ರಕ್ತ ಕೊಟ್ಟಾದ್ಮೇಲೆ. ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ದಾಟಿದ್ರೆ ಸಾಮಾನ್ಯವಾಗಿ ಗ್ರಂಥಿ ಎದ್ದಿದೆ ಅಂತ, 5ಕ್ಕಿಂತ ಕಮ್ಮಿ ಇದ್ರೆ ಇನ್ನೂ ಕಾಯ್ಬೇಕು.

ಇಳಿಸ್ತಾ ಇರೋವಾಗ ಮೈಕೈ ನೋವು, ಸುಸ್ತು ಸ್ವಲ್ಪ ಇದ್ದದ್ದೇ. ಆದ್ರೆ ಎದ್ದು ನಿಂತ್ರೆ ಕಣ್ಣು ಕತ್ತಲೆ, ವಾಂತಿ, ಗೊಂದಲ ಶುರುವಾದ್ರೆ ನಾಳೆ ನೋಡೋಣ ಅನ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ ಸ್ಟೀರಾಯ್ಡ್ ತಗೋತಿದ್ದೆ ಅಂತ ಮೊದಲು ಹೇಳಿ, ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಬೇಕಾಗಬಹುದು. ಜ್ವರ ಬಂದಾಗ ಡೋಸ್ ಎಷ್ಟು ಏರಿಸ್ಬೇಕು ಅನ್ನೋದನ್ನೂ ಮುಂಚೇನೇ ಕೇಳಿಟ್ಕೊಳ್ಳಿ.

ಇನ್ನೊಂದು, ಮಂಡಿ ನೋವಿಗೆ ಅಂತ ಹೆಸರಿಲ್ಲದ ಪುಡಿ ಕೊಡ್ತಾರಲ್ಲ, ಎರಡೇ ದಿನಕ್ಕೆ ಮ್ಯಾಜಿಕ್ ಥರ ನೋವು ಹೋಗುತ್ತೆ, ಅಂಥ ಕೆಲವದ್ರಲ್ಲಿ ಸ್ಟೀರಾಯ್ಡೇ ಬೆರ್ಸಿರ್ತಾರೆ. ತಿಂಗಳುಗಟ್ಲೆ ತಿಂದಿದ್ರೆ ಅದನ್ನೂ ಒಂದೇ ಸಲ ಬಿಡ್ಬೇಡಿ, ಪೊಟ್ಟಣ ತಗೊಂಡ್ಹೋಗಿ ಡಾಕ್ಟ್ರಿಗೆ ತೋರ್ಸಿ.