ಗಂಜಿ ಬಿದ್ದ ಕಾಲು: ಒಬ್ಬ ಅಡುಗೆಯವನ ಅನುಭವ

ಮದುವೆ ಅಡುಗೆ ಕೆಲಸ ನಂದು, ಇಪ್ಪತ್ತು ವರ್ಷದ ಮೇಲಾಯ್ತು. ಎಣ್ಣೆ ಸಿಡಿಯೋದು, ಬಾಣಲಿ ಅಂಚು ತಾಗೋದು ಇವೆಲ್ಲ ನಮಗೆ ಲೆಕ್ಕಕ್ಕೇ ಇಲ್ಲ, ಕೈ ಒಂದ್ಸಲ ಒದರಿ ಮುಂದಿನ ಒಬ್ಬೆ ಪೂರಿ ಬಿಡೋದೇ. ಆದ್ರೆ ಹೋದ ವರ್ಷ ತಿಪಟೂರು ಕಡೆ ಒಂದು ಛತ್ರದಲ್ಲಿ ಆಗಿದ್ದು ಹಂಗಿರ್ಲಿಲ್ಲ.

ಮೊದಲ ಪಂಕ್ತಿ ಎದ್ದಿತ್ತು, ಎರಡನೇದಕ್ಕೆ ಅನ್ನ ಬಸೀತಾ ಇದ್ವಿ. ಕೊಪ್ಪರಿಗೆ ಆ ಕಡೆ ನಮ್ಮ ಹುಡುಗ, ಈ ಕಡೆ ನಾನು. ಅವನ ಕೈಲಿದ್ದ ಬಟ್ಟೆ ಜಾರ್ತು, ಕೊಪ್ಪರಿಗೆ ನನ್ನ ಕಡೆ ವಾಲ್ತು, ಕುದಿಯೋ ಗಂಜಿ ಎಡಗೈ ಮೊಣಕೈಯಿಂದ ಕೆಳಗೆ ಮತ್ತೆ ಎಡಗಾಲಿನ ಮೇಲೆ ಬಿತ್ತು. ಬರೀ ಬಿಸಿನೀರಾದ್ರೆ ಹರ್ಕೊಂಡು ಹೋಗುತ್ತೆ, ಗಂಜಿ ಅಂಟಿಗೆ ಅಲ್ಲೇ ಕೂತು ಬೇಯಿಸ್ತಾ ಇರುತ್ತೆ. ಹವಾಯಿ ಚಪ್ಪಲಿ ಪಟ್ಟಿ ಕೆಳಗೆ ಸೇರ್ಕೊಂಡಿದ್ದೇ ಎಲ್ಲಕ್ಕಿಂತ ಆಳಕ್ಕೆ ಇಳೀತು, ಈಗ್ಲೂ ನನ್ನ ಪಾದದ ಮೇಲೆ ಆ ಪಟ್ಟಿ ಆಕಾರದ್ದೇ ಕಲೆ ಇದೆ.

ನಾನು ಮಾಡಿದ ಮೊದಲ ಕೆಲಸ ಅಂದ್ರೆ ಚಪ್ಪಲಿ ಕಿತ್ತೆಸ್ದು ಪಾತ್ರೆ ತೊಳೆಯೋ ನಲ್ಲಿಗೆ ಓಡಿದ್ದು. ಬುದ್ಧಿವಂತಿಕೆ ಏನಲ್ಲ, ಹಿಂದೆ ಒಂದ್ಸಲ ಸರಿಯಾಗಿ ಪೆಟ್ಟು ತಿಂದಿದ್ದೆ. ಬೋಂಡಾ ಎಣ್ಣೆ ಬಲ ಮುಂಗೈ ಮೇಲೆ ಬಿದ್ದಾಗ ಒಬ್ರು ಟೂತ್‌ಪೇಸ್ಟ್ ಹಚ್ಚಿದ್ರು, ಇನ್ನೊಬ್ರು ಅದರ ಮೇಲೆ ಇಂಕು ಸುರಿದ್ರು, ಆಮೇಲೆ ಕ್ಲಿನಿಕ್ಕಲ್ಲಿ ನರ್ಸಮ್ಮ ಅದನ್ನೆಲ್ಲ ಉಜ್ಜಿ ತೆಗೀಬೇಕಾದ್ರೆ ಸುಟ್ಟಾಗ ಆಗಿದ್ದಕ್ಕಿಂತ ಜಾಸ್ತಿ ನೋವಾಯ್ತು. "ಇದ್ರ ಬದ್ಲು 20 ನಿಮಿಷ ನಲ್ಲಿ ಕೆಳಗೆ ಹಿಡಿದಿದ್ರೆ ಇಲ್ಲಿಗೆ ಬರೋದೇ ಬೇಕಿರ್ಲಿಲ್ಲವೇನೋ" ಅಂದಿದ್ರು. ಆ ಮಾತು ತಲೇಲಿ ಕೂತಿತ್ತು.

ಹೇಳೋಕೆ 20 ನಿಮಿಷ, ಆದ್ರೆ ಮದುವೆ ಮನೇಲಿ ಅಷ್ಟೊತ್ತು ನಲ್ಲಿ ಕೆಳಗೆ ನಿಲ್ಲೋದು ಇದೆಯಲ್ಲ, ಅದೇ ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. "ಅಯ್ಯೋ ಭಟ್ರೇ, ನೀರು ಹಾಕ್ಬೇಡಿ, ಬೊಬ್ಬೆ ಏಳುತ್ತೆ" ಅಂತ ಒಬ್ರು ಅಜ್ಜಿ ಕೈ ಎಳೀತಾರೆ, ಒಬ್ರು ಇಡ್ಲಿ ಹಿಟ್ಟು ತರ್ತಾರೆ, ಇನ್ನೊಬ್ರು ಫ್ರಿಜ್ಜಿಂದ ಐಸು, ಆ ಕಡೆಯಿಂದ ಹುಡುಗಿ ಮಾವ ಬಂದು ಪಂಕ್ತಿ ಕೂತಾಯ್ತು ಅಂತಾರೆ. ಬೊಬ್ಬೆ ಏಳೋದು ಸುಟ್ಟಿದ್ದಕ್ಕೆ, ನೀರಿಗಲ್ಲ. ಒಲೆ ಆರಿಸಿದ್ಮೇಲೂ ಬಾಣಲೀಲಿರೋ ರವೆ ಕಂದ್ತಾ ಹೋಗಲ್ವಾ, ಚರ್ಮನೂ ಹಂಗೇ, ಒಳಗಿನ ಶಾಖ ಹೊರಗೆ ಬರೋವರೆಗೂ ಬೇಯ್ತಾನೇ ಇರುತ್ತೆ. ಅದಕ್ಕೆ ಸಾಧಾರಣ ತಣ್ಣಗಿರೋ ಹರಿಯೋ ನೀರೇ ಸಾಕು. ಐಸ್ ಇಟ್ರೆ ಆ ಚಳಿಗೇ ಚರ್ಮ ಇನ್ನಷ್ಟು ಕೆಡುತ್ತೆ. ತಕ್ಷಣ ನೀರು ಸಿಗ್ಲಿಲ್ಲ ಅಂದ್ರೂ ಮೂರು ಗಂಟೆ ಒಳಗೆ ಹಿಡಿದ್ರೆ ಉಪಯೋಗ ಇದೆ ಅಂತ ಆಮೇಲೆ ಡಾಕ್ಟ್ರು ಹೇಳಿದ್ರು. ಚಿಕ್ಕ ಮಕ್ಕಳಿಗೆ, ಮೈ ತುಂಬ ಸುಟ್ಟೋರಿಗೆ ಮಾತ್ರ ಮಿಕ್ಕ ಮೈಗೆ ಬೆಚ್ಚಗೆ ಹೊದಿಸ್ಬೇಕಂತೆ, ಇಲ್ಲಾಂದ್ರೆ ಮೈಯೆಲ್ಲ ತಣ್ಣಗಾಗಿಬಿಡುತ್ತೆ.

ನೀರಲ್ಲಿ ನಿಂತಾಗ್ಲೇ ಬೆಳ್ಳಿ ಉಂಗುರ ತೆಗೆದೆ, ಕೈಗೆ ಕಟ್ಟಿದ್ದ ದಾರಾನ ಹುಡುಗನ ಹತ್ರ ಕತ್ತರಿಸ್ಕೊಂಡೆ. ಅರ್ಧ ಗಂಟೇಲಿ ಬೆರಳು ಊದಿ ಬಾಳೆಹಣ್ಣಾಗಿತ್ತು, ಆಗ ಉಂಗುರ ಇದ್ದಿದ್ರೆ ಗರಗಸವೇ ಗತಿ. ಮೇಲೆ ಸುತ್ತೋಕೆ ಏನು ಅಂತ ನೋಡಿದ್ರೆ ನಮ್ಮ ಹತ್ರಾನೇ ಇತ್ತು, ಸ್ವೀಟ್ ಟ್ರೇ ಮುಚ್ಚೋ ಪ್ಲಾಸ್ಟಿಕ್ ಕ್ಲಿಂಗ್ ರ್ಯಾಪು. ಮೊದಲ ಒಂದು ಸುತ್ತು ಕಿತ್ತು ಬಿಸಾಕಿ, ಒಳಗಿನ ಶುದ್ಧದ್ದನ್ನ ಗಾಯದ ಮೇಲೆ ಉದ್ದಕ್ಕೆ ಹಾಸಿದೆ. ಬಿಗಿಯಾಗಿ ಸುತ್ತಬಾರ್ದು, ಊತ ಬಂದಾಗ ಕಟ್ಟು ಹಾಕಿದಂಗಾಗುತ್ತೆ. ಗಾಳಿ ತಾಗದೇ ಇದ್ರೆ ಉರಿ ಎಷ್ಟು ಕಡಿಮೆ ಆಗುತ್ತೆ ಅಂತ ಅವತ್ತೇ ಗೊತ್ತಾಗಿದ್ದು.

ಸರ್ಕಾರಿ ಆಸ್ಪತ್ರೇಲಿ ಡಾಕ್ಟ್ರು ಮೊದಲು ನನ್ನ ಅಂಗೈನೇ ಅಳತೆಗೆ ತಗೊಂಡ್ರು. ಬೆರಳು ಸೇರಿಸಿ ನಮ್ಮ ಒಂದು ಅಂಗೈ ಅಂದ್ರೆ ಮೈಯಲ್ಲಿ ಹೆಚ್ಚುಕಮ್ಮಿ 1%, ನಂದು ಮೂರು ಅಂಗೈ ಆಯ್ತು. ಆಮೇಲೆ ಬೆರಳಲ್ಲಿ ಒತ್ತಿ ನೋಡಿದ್ರು, ಕೈ ಮೇಲೆ ಒತ್ತಿದ ಕಡೆ ಬಿಳಿಯಾಗಿ ಮತ್ತೆ ಕೆಂಪಾಗ್ತಿತ್ತು, ಮುಟ್ಟಿದ್ರೆ ಜೀವ ಹೋಗೋ ನೋವು. ಪಾದದ ಪಟ್ಟಿ ಜಾಗದಲ್ಲಿ ಮಾತ್ರ ಬಿಳಿಚಿಕೊಂಡಿತ್ತು, ನೋವೂ ಅಷ್ಟಿರ್ಲಿಲ್ಲ. ನಾನು ಪರವಾಗಿಲ್ಲ ಅನ್ಕೊಂಡೆ, ಅವರು "ಇದೇ ನನಗೆ ಇಷ್ಟ ಆಗ್ತಿಲ್ಲ" ಅಂದ್ರು. ನೋವಿಲ್ಲ ಅಂದ್ರೆ ಆಳ ಹೋಗಿದೆ ಅಂತ ಅರ್ಥ. ಮೇಲೆ ನಂಗೆ ಶುಗರ್ ಬೇರೆ. ಮುಖ, ಕೈ, ಪಾದ, ಕೀಲು, ಮರ್ಮಾಂಗ, ಇಲ್ಲಿ ಎಲ್ಲಿ ಸುಟ್ರೂ ಚಿಕ್ಕದು ಅಂತ ಮನೇಲಿ ಕೂರಬಾರ್ದು ಅಂದ್ರು. ಕರೆಂಟಿಂದ, ಆಸಿಡ್‌ನಿಂದ ಸುಟ್ಟಿದ್ರೆ ಕೇಳೋದೇ ಬೇಡ, ನೇರ ಆಸ್ಪತ್ರೆ.

ಟಿಟಿ ಇಂಜೆಕ್ಷನ್ ಆಯ್ತು. ಮಣಿಕಟ್ಟಿನ ಹತ್ರ ಇದ್ದ ದೊಡ್ಡ ಬೊಬ್ಬೇನ ಅವರೇ ತೆಗೆದ್ರು, ಚಿಕ್ಕವನ್ನ ಹಂಗೇ ಬಿಟ್ರು, ನೀನು ಮಾತ್ರ ಸೂಜಿ ತಗೋಬೇಡ ಅಂತ ತಾಕೀತು. ಗಾಯದ ಮೇಲೆ ಪ್ಯಾರಾಫಿನ್ ಗಾಜ್, ಅದು ಜಿಡ್ಡಿರೋ ಬಲೆ ತರ, ಅಂಟ್ಕೊಳ್ಳಲ್ಲ, ಅದರ ಮೇಲೆ ದಪ್ಪ ಗಾಜ್ ಬಟ್ಟೆ, ಮೇಲೆ ಬ್ಯಾಂಡೇಜು. ಸುಟ್ಟೋರನ್ನ ಬಾಳೆ ಎಲೆ ಮೇಲೆ ಮಲಗಿಸ್ತಿದ್ರು ಅಂತ ನಮ್ಮಲ್ಲಿ ಹಳಬ್ರು ಹೇಳ್ತಾರಲ್ಲ, ಅದು ಸುಮ್ನೆ ಮಾತಲ್ಲ, ಮುಂಬೈಲಿ ಡಾಕ್ಟ್ರುಗಳು ಬಾಳೆ ಎಲೇನ ಸ್ಟೆರಿಲೈಸ್ ಮಾಡಿ ಡ್ರೆಸ್ಸಿಂಗಿಗೆ ಬಳಸಿದಾರೆ. ಹಂಗಂತ ಊಟದ ಕಟ್ಟಿಂದ ಎಲೆ ತೆಗೆದು ಗಾಯಕ್ಕೆ ಹಾಕ್ಬೇಡಿ ಮತ್ತೆ.

ಎರಡು ದಿನಕ್ಕೊಂದ್ಸಲ ಡ್ರೆಸ್ಸಿಂಗು. ಎರಡನೇ ವಾರದಿಂದ ನರ್ಸಮ್ಮ ತೋರಿಸಿಕೊಟ್ಟಂಗೆ ಮನೇಲೇ ಮಾಡ್ಕೊಂಡೆ. ಅರ್ಧ ಗಂಟೆ ಮುಂಚೆ ಪ್ಯಾರಾಸಿಟಮಾಲ್, ಸೋಪಲ್ಲಿ ಕೈ ತೊಳೆಯೋದು, ಹಳೇ ಗಾಜ್ ಅಂಟಿದ್ರೆ ಕಾಯಿಸಿ ಆರಿಸಿದ ನೀರು ಹಾಕಿ ನೆನೆಸೋದು. ಮೊದಲ ಸಲ ಅವಸರಕ್ಕೆ ಎಳೆದೆ, ಬೆಳೀತಿದ್ದ ಎಳೇ ಚರ್ಮನೂ ಜೊತೇಲಿ ಬಂತು, ರಕ್ತ, ಹೆಂಡ್ತಿ ಕೈಲಿ ಬೈಗಳ. ಅವಳದ್ದು ಇನ್ನೊಂದು ರಗಳೆ, ಬದನೆಕಾಯಿ ನಂಜು, ಕಡ್ಲೆಕಾಯಿ ನಂಜು, ಬೇಳೆನೂ ಬೇಡ, ಗಂಜಿ ಕುಡೀರಿ ಅಂತ. ಗಂಜೀನಾ! ಡಾಕ್ಟ್ರು ಹೇಳಿದ್ದು ಉಲ್ಟಾ, ಚರ್ಮ ಕಟ್ಟೋಕೆ ಪ್ರೋಟೀನ್ ಬೇಕು, ಮೊಟ್ಟೆ ತಿನ್ನದಿದ್ರೆ ಬೇಳೆ, ಕಾಳು, ಹಾಲು, ಮೊಸರು ಚೆನ್ನಾಗಿ ತಿನ್ನಿ, ಶುಗರ್ ಮಾತ್ರೆ ತಪ್ಪಿಸ್ಬೇಡಿ. ಕೊನೆಗೆ ಅವರ ಹತ್ರಾನೇ ಕರ್ಕೊಂಡೋಗಿ ಹೇಳಿಸಿದ್ಮೇಲೆ ನಮ್ಮನೇಲಿ ಬೇಳೆ ಸಾರು ಶುರುವಾಯ್ತು.

ಕೈ 13 ದಿನಕ್ಕೆ ಕೂಡ್ತು. ಕಾಲು ಕಾಡ್ತು. ಮೂರು ವಾರ ಆದ್ರೂ ಪಟ್ಟಿ ಜಾಗ ಒದ್ದೆಯಾಗೇ ಇತ್ತು, ಇನ್ನೊಂದು ವಾರ ನೋಡಿ ಇಲ್ಲಾಂದ್ರೆ ತೊಡೆ ಚರ್ಮ ತೆಗೆದು ಅಲ್ಲಿಗೆ ಕೂರಿಸ್ಬೇಕು ಅಂದ್ರು, ನಂಗೆ ನಿದ್ದೆ ಇಲ್ಲ. ವಾಸನೆ, ಜ್ವರ, ಸುತ್ತ ಕೆಂಪು ಹರಡೋದು, ಕಡಿಮೆ ಆಗಿದ್ದ ನೋವು ಮತ್ತೆ ಜಾಸ್ತಿ ಆಗೋದು, ಇದರಲ್ಲಿ ಯಾವ್ದಾದ್ರೂ ಬಂದ್ರೆ ಅವತ್ತೇ ಬನ್ನಿ ಅಂದಿದ್ರು, ಅದಕ್ಕೆ ದಿನಾ ಬೆಳಗ್ಗೆ ಮೂಸಿ ನೋಡೋದೇ ಕೆಲಸ. ದಿಂಬಿನ ಮೇಲೆ ಕಾಲು ಎತ್ತಿಟ್ಕೊಂಡೇ ಇದ್ದೆ, ಗಂಟೆಗೊಂದ್ಸಲ ಬೆರಳು, ಮಣಿಕಟ್ಟು ಆಡಿಸೋದು, ಇಲ್ಲಾಂದ್ರೆ ಸೆಟೆದ್ಕೊಳ್ಳುತ್ತೆ. 31ನೇ ದಿನ ಮುಚ್ಚಿತು, ಆಪರೇಷನ್ ತಪ್ತು.

ಮುಚ್ಚಿದ ಮೇಲೆ ಮುಗೀತು ಅನ್ಕೊಂಡಿದ್ದೆ, ಅಲ್ಲಿಂದ ತುರಿಕೆ ಶುರು. ರಾತ್ರಿ ಹೊತ್ತು ಹುಚ್ಚು ಹಿಡಿಯೋಷ್ಟು. ಸುಟ್ಟ ಜಾಗದಲ್ಲಿ ಎಣ್ಣೆ ಗ್ರಂಥಿ ಹೋಗಿರುತ್ತಂತೆ, ಒಣಗಿ ತುರಿಸುತ್ತೆ. ಡಾಕ್ಟ್ರನ್ನ ಕೇಳಿ ಕೊಬ್ಬರಿ ಎಣ್ಣೆ ಹಚ್ಚಿ ದಿನಕ್ಕೆ ಮೂರ್ನಾಲ್ಕು ಸಲ ಮೆತ್ತಗೆ ತಿಕ್ಕಿದೆ, ಗಾಯ ಹಸಿ ಇದ್ದಾಗ ಅಲ್ಲ, ಪೂರ್ತಿ ಮುಚ್ಚಿದ ಮೇಲೆ. ಬಿಸಿಲಿಗೆ ಹೋದ್ರೆ ಹೊಸ ಚರ್ಮ ಕಪ್ಪಾಗುತ್ತೆ ಅಂತ ತುಂಬು ತೋಳಿನ ಶರ್ಟು, ಕಾಲಿಗೆ ಸಾಕ್ಸು. ಒಲೆ ಮುಂದೆ ನಿಲ್ಲೋಕೇ ಆಗ್ತಿರ್ಲಿಲ್ಲ, ಮೂರಡಿ ದೂರದಿಂದ್ಲೇ ಚುರುಚುರು. ಎರಡು ತಿಂಗಳು ಹೆಂಗಸರ ಜೊತೆ ಕೂತು ಬೀನ್ಸ್ ಹೆಚ್ಚಿದೆ, ಅದರಲ್ಲೂ ಕೆಲವು ವಿದ್ಯೆ ಇದೆ ಬಿಡಿ.

ಈಗ ನಮ್ಮ ಸಾಮಾನಿನ ಜೊತೆ ಒಂದು ಡಬ್ಬಿ ಬರುತ್ತೆ, ಅದರಲ್ಲಿ ಪ್ಯಾರಾಫಿನ್ ಗಾಜ್, ಬ್ಯಾಂಡೇಜು, ಕತ್ತರಿ. ಯಾವ ಛತ್ರಕ್ಕೆ ಹೋದ್ರೂ ಮೊದಲು ನಲ್ಲೀಲಿ ನೀರು ಬರುತ್ತಾ ನೋಡ್ತೀನಿ, ಇಲ್ಲಾಂದ್ರೆ ಒಂದು ಡ್ರಮ್ಮು ಅದಕ್ಕೇ ಅಂತ ತುಂಬಿಸಿಡ್ತೀನಿ. ಗಂಜಿ ಬಸಿಯೋರಿಗೆ ಮುಚ್ಚಿದ ಶೂ ಕಡ್ಡಾಯ. ಮೊನ್ನೆ ಅದೇ ಹುಡುಗನ ಕೈಗೆ ಇಡ್ಲಿ ಬಾಕ್ಸಿನ ಹಬೆ ಹೊಡೀತು. ನಾನು ಹೋಗೋದ್ರೊಳಗೆ ನಲ್ಲಿ ಕೆಳಗೆ ಕೈ ಹಿಡ್ಕೊಂಡು ನಿಂತಿದ್ದ, ಪಕ್ಕದಲ್ಲಿ ಮೊಬೈಲ್ ಟೈಮರ್ ಓಡ್ತಿತ್ತು. "ಅಣ್ಣಾ, ಇನ್ನೂ 14 ನಿಮಿಷ ಇದೆ, ಚಟ್ನಿಗೆ ಒಗ್ಗರಣೆ ನೀವೇ ಹಾಕ್ಬಿಡಿ" ಅಂದ.