ಇಟ್ಟಿಗೆಯ ಚರ್ಚ್ ಮತ್ತು ಸಮುದಾಯ ಭವನದ ವಿನ್ಯಾಸ

ಚರ್ಚ್‌ನ ನಕ್ಷೆಗೆ ಕೈಹಾಕುವ ಮುನ್ನ ಇಟ್ಟಿಗೆ ಗೂಡಿಗೆ ಹೋಗಿ ಬರಬೇಕು. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿದಾಗ ಠಣ್ಣೆನ್ನಬೇಕು. 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೂ ಒಣ ತೂಕದ ಶೇ. 20ಕ್ಕಿಂತ ಹೆಚ್ಚು ನೀರನ್ನು ಅದು ಹೀರಬಾರದು. ಗಿಲಾವು ಮಾಡದೆ ಬಿಡುವ ಗೋಡೆಯಲ್ಲಿ ಯಾವ ತಪ್ಪನ್ನೂ ಮುಚ್ಚಲಾಗದ ಕಾರಣ, ಬಾಗಿಲು ಕಿಟಕಿಗಳ ಅಳತೆಯೆಲ್ಲವೂ ಇಟ್ಟಿಗೆ ಮತ್ತು ಗಾರೆಯ ಸಂದಿನ ಲೆಕ್ಕಕ್ಕೆ ಕೂಡಿಬರುವಂತೆ ನಕ್ಷೆಯಲ್ಲಿಯೇ ನಿಗದಿಯಾಗಬೇಕು. ಸ್ವೀಡನ್ನಿನ ಕ್ಲಿಪ್ಪನ್‌ನಲ್ಲಿ ಸಂತ ಪೇತ್ರರ ಚರ್ಚ್ ಕಟ್ಟಿದ ವಾಸ್ತುಶಿಲ್ಪಿ ಸಿಗುರ್ಡ್ ಲೆವೆರೆಂಟ್ಸ್ ಒಂದು ಇಟ್ಟಿಗೆಯನ್ನೂ ಕತ್ತರಿಸಲು ಬಿಡದೆ, ಸಂದುಗಳನ್ನೇ ಅಗಲಗೊಳಿಸಿ ಅಳತೆ ಹೊಂದಿಸಿದರು.

ಗೋಡೆಗೆ ಬಲ ಬರುವುದು ದಪ್ಪದಿಂದ ಮಾತ್ರವೇ ಅಲ್ಲ. ಉರುಗ್ವೆಯ ಅಟ್ಲಾಂಟಿಡಾದಲ್ಲಿ ಎಂಜಿನಿಯರ್ ಎಲಾಡಿಯೊ ಡಿಯೆಸ್ಟೆ 1960ರಲ್ಲಿ ಮುಗಿಸಿದ ಚರ್ಚ್‌ನ ಗೋಡೆಗಳು ನೆಲದಲ್ಲಿ ನೇರವಾಗಿ ಹೊರಟು, ಮೇಲೇರಿದಂತೆಲ್ಲ ಅಲೆಯಾಗಿ ಬಾಗುತ್ತವೆ. ಮಡಿಸಿದ ಕಾಗದ ನೆಟ್ಟಗೆ ನಿಲ್ಲುವಂತೆ ಆ ಬಾಗೇ ಅವುಗಳನ್ನು ನಿಲ್ಲಿಸಿದೆ. ಆದರೆ ಸೆಕೆಯ ಊರುಗಳಿಗೆ ತಿರುವನಂತಪುರದ ಲೊಯೋಲಾ ಚಾಪೆಲ್‌ನಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಹಿಡಿದ ದಾರಿಯೇ ಹೆಚ್ಚು ಒಗ್ಗುತ್ತದೆಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿ ಜೋಡಿ ಗೋಡೆಗಳನ್ನು ಅಡ್ಡ ಇಟ್ಟಿಗೆಗಳು ಬಿಗಿಹಿಡಿದಿವೆ. ಜಾಲಂಧ್ರಗಳಿಂದ ಗಾಳಿ, ಬೆಳಕು ಎರಡೂ ಒಳಬರುತ್ತವೆ. ಬೇಕರ್ ಪ್ರಚಾರಕ್ಕೆ ತಂದ ರ‍್ಯಾಟ್ ಟ್ರ್ಯಾಪ್ ಕಟ್ಟಣೆಯಲ್ಲಿ, ಅಂದರೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವಾಗ, ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ ಮತ್ತು ಬಿಸಿಲಿನ ಕಾವು ಒಳಗಿಳಿಯುವುದು ನಿಧಾನವಾಗುತ್ತದೆ.

ಧ್ವನಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಬರಿ ಇಟ್ಟಿಗೆಯ ಗೋಡೆ ಧ್ವನಿಯನ್ನು ಮರಳಿಸುತ್ತದೆ: ಸ್ತುತಿಗೀತೆಗೆ ಆ ಅನುರಣನ ತುಂಬುತನ ಕೊಟ್ಟರೆ, ಪ್ರಬೋಧನೆಯ ಮತ್ತು ನಾಟಕದ ಮಾತುಗಳನ್ನು ಅದೇ ಕಲಸಿಬಿಡುತ್ತದೆ. ಆದ್ದರಿಂದ ಚರ್ಚ್ ಹಾಗೂ ಸಾಂಸ್ಕೃತಿಕ ಭವನವನ್ನು ಒಂದೇ ಸೂರಿನಡಿ ತುರುಕದೆ, ನಡುವೆ ಅಂಗಳ ಬಿಟ್ಟು ಜಗಲಿಯಿಂದ ಜೋಡಿಸಬೇಕು. ಬಲಿಪೂಜೆ (ಚರ್ಚ್‌ನ ಆರಾಧನೆ) ಮುಗಿದ ಮೇಲೆ ಜನ ನಿಂತು ಮಾತಾಡುವುದೂ, ಮದುವೆಯ ಊಟದ ಪಂಕ್ತಿ ಹರಡಿಕೊಳ್ಳುವುದೂ ಆ ಅಂಗಳದಲ್ಲೇ. ಭವನಕ್ಕೆ ಪ್ರತ್ಯೇಕ ಬಾಗಿಲು, ಅಡುಗೆಮನೆ, ಶೌಚಾಲಯಗಳಿದ್ದರೆ ಚರ್ಚ್ ಮುಚ್ಚಿದ್ದಾಗಲೂ ಎಲ್ಲ ಮತದ ಮಕ್ಕಳು ಅಲ್ಲಿ ತಾಲೀಮಿಗೆ ಸೇರಬಹುದು.

ಕೆಲಸ ಆರಂಭಿಸುವ ಮುನ್ನ ಮೇಸ್ತ್ರಿಯಿಂದ ಆಳೆತ್ತರದ ಮಾದರಿ ಗೋಡೆಯೊಂದನ್ನು ಕಟ್ಟಿಸಿ, ಬೆಳಗಿನ ಹಾಗೂ ಸಂಜೆಯ ಬಿಸಿಲಿನಲ್ಲಿ, ನೀರು ಸುರಿದು ಕೂಡ, ಸಂದಿನ ಬಣ್ಣವನ್ನು ನೋಡಿ ಒಪ್ಪಬೇಕು. ಇಟ್ಟಿಗೆಯ ಕೊನೆಯ ವರಸೆ (ಸಾಲು) ಮುಗಿಯುವವರೆಗೆ ಅದನ್ನು ಕೆಡವಬಾರದು.